ಕ್ಲಚ್ ಕವರಿನ ಕೊನೆಯ ಸ್ಕ್ರೂ

ಭಾವನ ಬೈಕಿಗೆ ಆ ಬೋಟಿನ ಸ್ಕ್ರೂಗಳನ್ನು ಹಾಕಿದ್ದು ಯಾರೆಂದು ನನಗೆ ಈಗಲೂ ಖಚಿತವಿಲ್ಲ. ನನ್ನ ನೆನಪಿನಲ್ಲಿ ಭಾವ ಕುದ್ರೋಳಿಯ ಮನೆಯಂಗಳದಲ್ಲಿ ಕುಕ್ಕರುಗಾಲಿನಲ್ಲಿ ಕೂತು ಒಂದೊಂದಾಗಿ ಬಿಗಿಯುತ್ತಿದ್ದಾರೆ, ನಾನು ಪಕ್ಕದಲ್ಲಿ ಚಹಾ ಕುಡಿಯುತ್ತಿದ್ದೇನೆ. ಆದರೆ ಆ ಚಿತ್ರದಲ್ಲಿ ಬೈಕಿನ ಟ್ಯಾಂಕ್ ಕೆಂಪು. ಸ್ಕ್ರೂ ಹಾಕುವ ಹೊತ್ತಿಗೆ ಅದಕ್ಕೆ ಕಪ್ಪು ಬಣ್ಣ ಬಳಿದಾಗಿತ್ತು. ಎರಡು ದಿನಗಳನ್ನು ಸೇರಿಸಿ ಒಂದು ಮಾಡಿದ್ದೇನೋ, ಇಡೀ ದೃಶ್ಯವನ್ನೇ ಕಟ್ಟಿಕೊಂಡಿದ್ದೇನೋ ಗೊತ್ತಿಲ್ಲ. ಭಾವನನ್ನು ಕೇಳಿದರೆ, ಹಾಕಿದ್ದು ನೀನೇ ಎನ್ನುತ್ತಾರೆ. ಇಲ್ಲಿಯ ಮಾತುಗಳನ್ನೂ ಪೂರ್ತಿ ನಂಬಬೇಡಿ. ಮನೆಯಲ್ಲಿ ನಾವು ಆಡುವುದು ತುಳು. ಕನ್ನಡಕ್ಕೆ ತರುವಾಗ ಏನೇನು ಬದಲಾಯಿತೋ ಹೇಳಲಾರೆ.

ಭಾವ ಅಂದರೆ ಅಕ್ಕನ ಗಂಡ. ಬೆಳಿಗ್ಗೆ ಬೋಟುಗಳು ಬಂದು ನಿಲ್ಲುವ ದಕ್ಕೆಯ ಹರಾಜಿನಲ್ಲಿ ಮೀನು ಕೊಂಡು, ಬೈಕಿನ ಹಿಂದಿನ ಪೆಟ್ಟಿಗೆಗೆ ತುಂಬಿ, ಫಳ್ನೀರಿನ ಅಪಾರ್ಟ್‌ಮೆಂಟುಗಳ ಗೇಟಿನಲ್ಲಿ ನಿಂತು ಮಾರುತ್ತಾರೆ. ಮಳೆಗಾಲದ ಮೀನುಗಾರಿಕೆ ನಿಷೇಧ ಆಗಷ್ಟೇ ಮುಗಿದಿತ್ತು. ಬೋಟುಗಳು ಕಡಲಿಗಿಳಿದಿದ್ದವು, ಮರುದಿನ ಬೆಳಿಗ್ಗೆ ಮೊದಲ ಮೀನು ಬರುವುದಿತ್ತು. ನಿಷೇಧಕ್ಕೆ ಸ್ವಲ್ಪ ಮೊದಲು ಸ್ಕೂಟರಿನಲ್ಲಿ ಮೀನು ಮಾರುವ ಒಬ್ಬ ಅದೇ ಗೇಟುಗಳಿಗೆ ಬರಲು ಸುರು ಮಾಡಿದ್ದ. ಭಾವ ಮೊದಲ ದಿನವೇ ಹೋಗದಿದ್ದರೆ ಗಿರಾಕಿಗಳು ಅವನ ಪಾಲಾಗುತ್ತಿದ್ದರು. ಆದರೆ ಬೈಕಿನ ಕ್ಲಚ್ ಪ್ಲೇಟುಗಳು ಸವೆದಿದ್ದವು. ಪೆಟ್ಟಿಗೆ ತುಂಬಿದರೆ ಅದು ಏರು ಹತ್ತುತ್ತಿರಲಿಲ್ಲ. ಹೊಸ ಪ್ಲೇಟುಗಳು ಮನೆಯಲ್ಲೇ ಇದ್ದವು. ಹಾಕಬೇಕಾದರೆ ಎಂಜಿನ್ನಿನ ಬಲಬದಿಯ ಕವರ್ ಬಿಚ್ಚಬೇಕು. ಕವರಿನ ಸ್ಕ್ರೂಗಳು ಕದಲುತ್ತಿರಲಿಲ್ಲ.

ಅವು ಬೋಟಿನ ಸ್ಟೀಲ್ ಸ್ಕ್ರೂಗಳು. ದಕ್ಕೆಯ ಹತ್ತಿರ ಬೋಟು ರಿಪೇರಿಯ ಅಂಗಡಿಗಳಲ್ಲಿ ಸುಲಭವಾಗಿ ಸಿಗುತ್ತವೆ, ಉಪ್ಪುನೀರಿನಲ್ಲೂ ಹೊಳೆಯುತ್ತಲೇ ಇರುತ್ತವೆ. ಬೋಟು ನೋಡಿ ಬೆಳೆದವರಿಗೆ ಅದಕ್ಕಿಂತ ಒಳ್ಳೆಯ ಸ್ಕ್ರೂ ಇಲ್ಲ. ಆದರೆ ಬೈಕಿನ ಎಂಜಿನ್ ಅಲ್ಯೂಮಿನಿಯಂ. ಮೀನಿನ ಪೆಟ್ಟಿಗೆಯಿಂದ ಸೋರುವ ಉಪ್ಪುನೀರು ಸೇರಿದರೆ ಈ ಸ್ಟೀಲ್ ತಾನು ಹಾಗೇ ಉಳಿದು ಅಲ್ಯೂಮಿನಿಯಮ್ಮನ್ನು ತಿನ್ನುತ್ತದೆ. ತಿಂದ ಜಾಗದಲ್ಲಿ ಬಿಳಿ ಪುಡಿ ಕಟ್ಟಿ ಸ್ಕ್ರೂವನ್ನು ಹಿಡಿದುಬಿಡುತ್ತದೆ. ನಾನು ಎಮ್ಮೆಸ್ಸಿಯಲ್ಲಿ ಕೆಮಿಸ್ಟ್ರಿ ಓದಿದವನು. ಇದನ್ನು ಭಾವನಿಗೆ ವಿವರಿಸಿದೆ.

"ನನಗೆ ಎಂತಕ್ಕೆ ಹೇಳ್ತಿ ಮಾರಾಯ? ಆ ಸ್ಕ್ರೂಗೆ ಹೇಳು. ನಿನ್ನ ಎಮ್ಮೆಸ್ಸಿ ಕೇಳಿ ಹೆದರಿ ಹೊರಗೆ ಬಂದೀತು" ಎಂದರು.

ಹೆಚ್ಚಿನ ಸ್ಕ್ರೂಗಳು ಉಳಿಯಿಂದ ಅಂಚಿಗೆ ಹೊಡೆದ ಮೇಲೆ ಹೇಗೋ ತಿರುಗಿದವು. ಕೆಳಗಿನ ಮೂಲೆಯ ಒಂದು ಮಾತ್ರ ಜಗ್ಗಲಿಲ್ಲ. ಅದರ ತಲೆ ಸವೆದು ಬಟ್ಟಲಿನಂತಾಗಿತ್ತು. ಭಾವ ಸುತ್ತಿಗೆ ಎತ್ತಿದರು. ನಾನು ಅವರ ಕೈ ಹಿಡಿದೆ.

"ಕೇಸ್ ಒಡೆದರೆ ಬೇರೆ ಸಿಗುವುದಿಲ್ಲ ಭಾವ. ಈ ಮಾಡೆಲ್ ನಿಂತು ಎಷ್ಟು ಕಾಲ ಆಯ್ತು."

"ಬೇರೆ ದಾರಿ ಉಂಟಾ? ನಾಳೆ ಮೀನು ತಲೆ ಮೇಲೆ ಹೊತ್ತುಕೊಂಡು ಹೋಗ್ಲಾ? ಈ ಸ್ಕ್ರೂ ಹಾಕಿದವ ನೀನು, ತೆಗೆಯುವ ದಾರಿಯೂ ನೀನೇ ಹೇಳು."

"ನಾನಲ್ಲ, ನೀವು."

"ತುಕ್ಕು ಹಿಡಿಯುದಿಲ್ಲ ಭಾವ ಅಂತ ಪ್ಯಾಕೆಟ್ ತಂದು ಕೊಟ್ಟದ್ದು ಯಾರು?"

ತಂದುಕೊಟ್ಟ ನೆನಪು ನನಗಿಲ್ಲ. ಇಲ್ಲ ಎಂದು ಆಣೆ ಮಾಡುವಷ್ಟು ಧೈರ್ಯವೂ ಇಲ್ಲ. ನಮ್ಮ ದನಿ ಏರಿತು. ಅಕ್ಕ ಬಾಗಿಲಿಗೆ ಬಂದು, "ಬೊಬ್ಬೆ ಹೊಡೆದರೆ ಅದು ಸಡಿಲ ಆಗ್ತದಾ?" ಎಂದು ಕೇಳಿ ಒಳಗೆ ಹೋದಳು.

ಉಳಿದಿದ್ದ ದಾರಿ ಸ್ಕ್ರೂವಿನ ತಲೆಯನ್ನು ಡ್ರಿಲ್ಲಿನಿಂದ ಕೊರೆದು ಹಾರಿಸುವುದು. ತಲೆ ಹೋದರೆ ಕವರ್ ಕಳಚುತ್ತದೆ, ಉಳಿದ ಮೋಟನ್ನು ಇಕ್ಕಳದಿಂದ ಹಿಡಿಯಬಹುದು. ಆದರೆ ಈ ಸ್ಟೀಲ್ ಬಿಸಿಯಾದರೆ ಇನ್ನೂ ಗಟ್ಟಿಯಾಗುತ್ತದೆ. ಆಗ ಡ್ರಿಲ್ ಜಾರಿ ಪಕ್ಕದ ಮೆತ್ತನೆಯ ಅಲ್ಯೂಮಿನಿಯಮ್ಮಿಗೆ ಇಳಿದರೆ ಎಲ್ಲ ಮುಗಿಯಿತು. ಮೆಲ್ಲ, ಒತ್ತಿ, ತಂಪಾಗಿಟ್ಟು ಕೊರೆಯಬೇಕು. ಅಡುಗೆಮನೆಯಿಂದ ತೆಂಗಿನೆಣ್ಣೆ ಬಂತು.

ನನ್ನ ನೆನಪಿನಲ್ಲಿ ಡ್ರಿಲ್ ನನ್ನ ಕೈಯಲ್ಲಿದೆ, ಭಾವ ಎಣ್ಣೆ ಬಿಡುತ್ತಿದ್ದಾರೆ. ಭಾವ ಹೇಳುವ ಕತೆಯಲ್ಲಿ ಎಣ್ಣೆ ಬಿಟ್ಟವನು ನಾನು. ಬಹುಶಃ ಕೈ ಸೋತಾಗ ಬದಲಾಯಿಸಿಕೊಂಡೆವು. ಇಬ್ಬರಿಗೂ ನೆನಪಿರುವುದು ಒಂದೇ: ಒಮ್ಮೆ ಡ್ರಿಲ್ ಕಿರುಚಿ ಪಕ್ಕಕ್ಕೆ ಸರಿಯಿತು. ಕವರಿನ ಮೇಲೆ ಹೊಳೆಯುವ ಗೀರು ಬಿತ್ತು. ಭಾವ ಹೆಬ್ಬೆರಳಿನಿಂದ ಎಣ್ಣೆ ಒರೆಸಿ, ಗೀರಿನ ಆಳ ನೋಡಿ, "ಮೇಲೆ ಮೇಲೆ ಉಂಟು, ಇನ್ನೊಮ್ಮೆ ಹಿಡಿ" ಎಂದರು. ಹಾಗೆ ಹೇಳಿದ್ದು ನಿಜವಾದರೆ ಡ್ರಿಲ್ ನನ್ನ ಕೈಯಲ್ಲೇ ಇದ್ದಿರಬೇಕು. ಆದರೆ ಆ ಮಾತನ್ನು ನೆನಪಿಟ್ಟವನೂ ನಾನೇ.

ಕೊನೆಗೆ ತಲೆ ಕಳಚಿ ಡ್ರಿಲ್ಲಿನ ತುದಿಯಲ್ಲಿ ತಿರುಗಿತು. ಕವರ್ ಬಂತು. ಕುದಿನೀರಿನಲ್ಲಿ ಅದ್ದಿದ ಬಟ್ಟೆಯನ್ನು ಮೋಟಿನ ಸುತ್ತ ಹಿಡಿದು ಬಿಸಿ ಮಾಡಿದೆವು. ಇಕ್ಕಳ ಹಾಕಿ ಹಿಂದೆ, ಮುಂದೆ, ಮತ್ತೆ ಹಿಂದೆ ಅಲುಗಿಸಿದಾಗ ಬಿಳಿ ಪುಡಿ ಉದುರಿತು, ಸ್ಕ್ರೂ ಬಂತು. ಅದರ ಜೊತೆಗೆ ತೂತಿನ ಮರೆಯೂ, ಅಂದರೆ ಸ್ಕ್ರೂವನ್ನು ಹಿಡಿಯುವ ಸುರುಳಿ ಗೆರೆಗಳೂ, ಸ್ವಲ್ಪ ಕಿತ್ತು ಬಂತು.

ಪ್ಲೇಟು ಹಾಕಿ ಕವರ್ ಮುಚ್ಚುವಾಗ ಮತ್ತೆ ಜಗಳ. ಭಾವನ ಕೈಯಲ್ಲಿ ಅದೇ ಬೋಟಿನ ಸ್ಕ್ರೂಗಳ ಪ್ಯಾಕೆಟ್. ನಾನು ತಂದದ್ದು ಬೈಕಿನ ಅಂಗಡಿಯ ಸಾಮಾನ್ಯ ಸ್ಕ್ರೂಗಳು.

"ಇದು ತುಕ್ಕು ಹಿಡಿತದೆ" ಎಂದರು ಭಾವ.

"ಹಿಡಿಯಲಿ. ಬಿಚ್ಚಲಿಕ್ಕೆ ಬರ್ತದೆ."

ಒಪ್ಪಿದರೋ, ಸುಸ್ತಾಗಿ ಬಿಟ್ಟರೋ, ನನ್ನವೇ ಒಳಗೆ ಹೋದವು, ಗ್ರೀಸ್ ಹಚ್ಚಿಕೊಂಡು. ಕೆಳಮೂಲೆಗೆ ಇನ್ನೂ ಸ್ವಲ್ಪ ಉದ್ದದ್ದನ್ನು ಹಾಕಿದೆವು, ಒಳಗೆ ಉಳಿದ ಮರೆಯನ್ನಾದರೂ ಹಿಡಿಯಲಿ ಎಂದು. ಬಿಗಿಯುತ್ತಿದ್ದಂತೆ ಅದು ಒಂದು ಕ್ಷಣ ಮೆತ್ತಗಾದ ಹಾಗೆ ಅನಿಸಿತು. ಅಲ್ಲಿಗೇ ನಿಲ್ಲಿಸಿದೆವು. ಇನ್ನೊಂದು ಸುತ್ತು ತಿರುಗಿಸಿದ್ದರೆ ಗಟ್ಟಿಯಾಗುತ್ತಿತ್ತೋ, ಪೂರ್ತಿ ಕಿತ್ತುಬರುತ್ತಿತ್ತೋ. ಹಿಡಿಯದಿದ್ದರೆ ದಾರಿಯಲ್ಲೇ ಆಯಿಲ್ ಸೋರಿ ಎಂಜಿನ್ ಕೆಡುತ್ತಿತ್ತು.

ಬೆಳಿಗ್ಗೆ ನಾನು ಏಳುವ ಮೊದಲೇ ಭಾವ ಹೊರಟಿದ್ದರು. ಫೋನ್ ಎತ್ತಲಿಲ್ಲ. ಮಧ್ಯಾಹ್ನ ಖಾಲಿ ಪೆಟ್ಟಿಗೆಯೊಂದಿಗೆ ಬಂದು, ಡ್ರಿಲ್ ಹಿಡಿದ ತಮ್ಮ ಸಾಹಸವನ್ನು ಅಕ್ಕನಿಗೆ ವರ್ಣಿಸತೊಡಗಿದರು. ನಾನು ಅಡ್ಡ ಬಾಯಿ ಹಾಕಿದೆ.

"ಹಾಕಿದವರು ಯಾರೂ ಇಲ್ಲ, ತೆಗೆದವರು ಇಬ್ಬರು" ಎಂದಳು ಅಕ್ಕ. "ಒಳ್ಳೆದುಂಟು ನಿಮ್ಮ ಕತೆ."

"ಆಯಿಲ್?" ಎಂದು ಕೇಳಿದೆ.

"ಒಂದು ಹನಿ ಇಲ್ಲ ಮಾರಾಯ."

ನಾನು ನಂಬಲಿಲ್ಲ. ಮರುದಿನ ಫಳ್ನೀರಿಗೇ ಹೋದೆ. ಗೇಟಿನ ಬಳಿ ಭಾವ ಬಂಗುಡೆ ತೂಗುತ್ತಿದ್ದರು, ಸುತ್ತ ಜನ. ಸ್ಕೂಟರಿನವನು ವೇಗ ತಗ್ಗಿಸಿ ನೋಡಿ ಮುಂದೆ ಹೋದ. ನಾನು ಬಗ್ಗಿ ಕವರಿನ ಕೆಳಮೂಲೆಯ ಅಂಚಿಗೆ ಬೆರಳು ಎಳೆದೆ. ಬೆರಳು ಒದ್ದೆಯಾಯಿತು. ಹೆಬ್ಬೆರಳಿಗೆ ಉಜ್ಜಿ ನೋಡಿದೆ, ಜಾರಲಿಲ್ಲ. ಮೂಸಿದೆ. ಮೀನಿನ ವಾಸನೆ. ಅದು ಬರೀ ನೀರು.