ಹಾವಿಗೆ ಪನೀರಿನ ಇಲಿ

ನಮ್ಮ ಮನೆಗೆ ಹಾವು ಬರುವ ಮೊದಲೇ ಹಾವಿನ ಮನೆ ಬಂತು. ಅದರ ಹುಚ್ಚು ಹಚ್ಚಿಕೊಂಡವರು ನನ್ನ ಯಜಮಾನರು. ತೇರದಾಳದಲ್ಲಿ ನಮ್ಮದು ಅರಿಸಿನ ವ್ಯಾಪಾರ. ಸೀಸನ್ನಿನಲ್ಲಿ ಊಟಕ್ಕೂ ಪುರುಸೊತ್ತಿಲ್ಲ ಎನ್ನುವ ಮನುಷ್ಯ, ಜಮಖಂಡಿಗೆ ಹೋಗಿ ಗಾಜಿನ ದೊಡ್ಡ ಪೆಟ್ಟಿಗೆ ಮಾಡಿಸಿ, ಅದನ್ನು ಟೆಂಪೋದಲ್ಲಿ ಹಾಸಿಗೆ ಸುತ್ತಿ ತಂದರು. ನನ್ನ ಅಡುಗೆಮನೆಯ ಕಪಾಟಿಗೆ ಬಾಗಿಲು ಹಚ್ಚಿಸಿ ಎಂದು ನಾನು ಬೇಡಿಕೊಳ್ಳುತ್ತಿರುವುದು ಮದುವೆಯಾದಾಗಿನಿಂದ.

ಸಿಂಗಾರ ಶುರುವಾಯಿತು. ಕೃಷ್ಣಾ ದಂಡೆಯಿಂದ ನುಣುಪು ಕಲ್ಲು ಆರಿಸಿ ತಂದರು. ಕೆಳಗೆ ಹಾಸುವ ತೆಂಗಿನ ನಾರಿನ ಪುಡಿಯನ್ನು ಮಾಳಿಗೆಯ ಮೇಲೆ ಹರಡಿ, ಅದರೊಳಗಿನ ಹುಳುಗಳು ತಾವಾಗಿಯೇ ಹರಿದು ಹೋಗುವ ತನಕ ಕಾದರು. ಹಿಂದೆ ಅಂಟಿಸಲು ಬನಹಟ್ಟಿಯಲ್ಲಿ ಕಾಡು, ಜಲಪಾತದ ಫ್ಲೆಕ್ಸ್ ಮಾಡಿಸಿದರು. ಒಣ ಕೊಂಬೆ, ಪ್ಲಾಸ್ಟಿಕ್ ಬಳ್ಳಿ, ಬಣ್ಣದ ದೀಪ, ಅಡಿಯಲ್ಲಿ ಬೆಚ್ಚಗಿಡುವ ಕರೆಂಟಿನ ಹಾಸು, ಅಡಗಿಕೊಳ್ಳಲು ಬಾಯಿ ಒಡೆದ ಮಡಕೆ. ಕುಡಿಯುವ ನೀರನ್ನಂತೂ ನಮ್ಮ ನೀರಿನ ಹಾಗೆ ಬಟ್ಟೆಯಲ್ಲಿ ಸೋಸಿಯೇ ಇಟ್ಟರು. ಕಡೆಗೆ ಪುಣೆಯ ಗೆಳೆಯನಿಂದ ಹಾವು ಬಂತು. ಆಫ್ರಿಕಾದ ಸಣ್ಣ ಜಾತಿಯ ಹೆಬ್ಬಾವು. ಹೆದರಿದರೆ ತಲೆಯನ್ನು ಒಳಗಿಟ್ಟುಕೊಂಡು ಉಂಡೆಯಾಗುತ್ತದೆ, ವಿಷವಿಲ್ಲ. ಸರಕಾರದ ಕಾಗದಪತ್ರ ಎಲ್ಲ ಸರಿಯಾಗಿದ್ದವು.

"ಎಷ್ಟ ಛಂದ ಆಗೇತಿ ನೋಡು," ಎಂದರು ಯಜಮಾನರು.

"ಛಂದ ಆಗೇತಿ ಖರೆ. ತಿನ್ನಾಕ ಏನ್ ಹಾಕ್ತೀರಿ?"

"ನಿನ್ನವು ಬರೇ ಇಂಥಾವ ಮಾತು. ಅದು ತಿಂಗಳುಗಟ್ಟಲೆ ಏನೂ ತಿನ್ನೂದಿಲ್ಲಂತ."

ಗೆಳೆಯ ಹೇಳಿದ್ದರಲ್ಲಿ ತಮಗೆ ಬೇಕಾದಷ್ಟೇ ಕೇಳಿಸಿಕೊಳ್ಳುವುದು ಇವರ ಹಳೆಯ ಚಾಳಿ. ಹಾವು ನೋಡಲು ಬನಹಟ್ಟಿ, ರಬಕವಿಯಿಂದೆಲ್ಲ ಬೀಗರು ಬಂದರು. ಗಾಜು ಕುಟ್ಟಿದರು, ಫೋಟೋ ತೆಗೆಸಿಕೊಂಡರು, ಚಹಾ ಕುಡಿದು ಹೋದರು. ಅದು ಏನು ತಿನ್ನುತ್ತದೆ ಎಂದು ಒಬ್ಬರಾದರೂ ಕೇಳಬೇಕಲ್ಲ!

ಹಾವು ತೆಳ್ಳಗಾಗುತ್ತ ಬಂತು. ನಾನೇ ಜಮಖಂಡಿಯ ದನದ ಡಾಕ್ಟರಿಗೆ ಫೋನ್ ಹಚ್ಚಿದೆ. "ಇಲಿ ಬಿಟ್ರ ಬ್ಯಾರೆ ಏನೂ ತಿನ್ನಂಗಿಲ್ರಿ ಅಕ್ಕಾರ. ಹಾಲು ಗೀಲು ಕುಡಸಬ್ಯಾಡ್ರಿ ಮತ್ತ," ಎಂದರು ಅವರು.

ನಾವು ಜೈನರು. ಗೋದಾಮಿನ ಬೋನಿಗೆ ಬಿದ್ದ ಇಲಿಯನ್ನೂ ಯಜಮಾನರು ಸ್ಕೂಟರಿನಲ್ಲಿ ಒಯ್ದು ಊರ ಹೊರಗಿನ ಹೊಲದಲ್ಲಿ ಬಿಟ್ಟು ಬರುತ್ತಾರೆ. ಅದು ನನಗೂ ಹೆಮ್ಮೆಯ ವಿಷಯವೇ. ಆದರೆ ಇಂಥ ಮನೆಗೆ ಹಾವು ತರುವವರು ಮೊದಲು ಯೋಚಿಸಬೇಕೋ ಬೇಡವೋ? ಇವರು ಯೋಚಿಸಿದ್ದು ಆಮೇಲೆ. ಪನೀರನ್ನು ಇಲಿಯ ಆಕಾರಕ್ಕೆ ಕೊರೆದು, ಅದಕ್ಕೆ ನೂಲಿನ ಬಾಲ ಕಟ್ಟಿ, ಹಾವಿನ ಮುಂದೆ ಎಳೆದಾಡಿದರು. ಹಾವು ತಲೆ ಒಳಗಿಟ್ಟುಕೊಂಡು ಉಂಡೆಯಾಯಿತು. ನನಗೆ ನಗುವೂ ಬರಲಿಲ್ಲ, ಅಷ್ಟು ಸಿಟ್ಟು ಬಂದಿತ್ತು.

"ಸತ್ತ ಇಲಿ ಸಿಗ್ತಾವಂತ, ತರಸ್ರಿ," ಎಂದೆ.

"ನಮ್ಮ ಸಲುವಾಗಿ ಯಾರರ ಕೊಂದ್ರ ಅದೂ ನಮಗ ಪಾಪ."

"ಹಂಗಾರ ಇದು ಸಾಯೂದು?"

"ಅದು ಅದರ ಕರ್ಮ," ಎಂದು ಬಣ್ಣದ ದೀಪ ಸರಿಮಾಡತೊಡಗಿದರು.

ಕರ್ಮವಂತೆ! ಪುಣೆಯಿಂದ ತಾನಾಗಿ ನಡೆದು ಬಂದಿತ್ತೇ ಅದು? ಬೆನ್ನೆಲುಬು ಎದ್ದು ಕಾಣುವ ಜೀವದ ಮುಂದೆ ನಿಂತು ಬಳ್ಳಿ ಎತ್ತ ಇಳಿಬಿಟ್ಟರೆ ಚೆಂದ ಎಂದು ನೋಡುವವರಿಗೆ ಏನು ಹೇಳುವುದು? ಎರಡು ದಿನ ನಾನು ಅವರೊಂದಿಗೆ ಮಾತೇ ಬಿಟ್ಟೆ. ಅವರಿಗೆ ಅದು ಗೊತ್ತಾದಂತೆಯೂ ಕಾಣಲಿಲ್ಲ.

ಗೊತ್ತಾದದ್ದು ಅತ್ತೆಗೆ. ಅತ್ತೆ ಹೊತ್ತು ಮುಳುಗಿದ ಮೇಲೆ ಒಂದು ಹನಿ ನೀರೂ ಮುಟ್ಟುವವರಲ್ಲ. ಅಷ್ಟಮಿ, ಚತುರ್ದಶಿಗೆ ಉಪವಾಸ. ಒಂದು ಚತುರ್ದಶಿಯ ಮಧ್ಯಾಹ್ನ ಗಾಜಿನ ಮುಂದೆ ಮಣೆ ಹಾಕಿಕೊಂಡು ಬಹಳ ಹೊತ್ತು ಕೂತರು. ಆಮೇಲೆ ಮಗನನ್ನು ಕರೆದರು.

"ನಾ ಉಪಾಸ ಇರೂದು ನನ್ನ ಮನಸ್ಸಿಲೆ, ತಮ್ಮಾ. ಇದಕ್ಕ ಉಪಾಸ ಇರು ಅಂತ ಹೇಳಿದವರು ಯಾರು?"

ಯಜಮಾನರು ಮತ್ತೆ ಬಣ್ಣದ ದೀಪಕ್ಕೆ ಕೈ ಹಾಕಿದರು.

"ಹಾಕೂದು ನಿನ್ನ ಕಡಿಂದ ಆಗಂಗಿಲ್ಲಂದ್ರ, ಹಾಕಾವ್ರ ಮನಿಗೆ ಕೊಟ್ಟ ಬಿಡು."

ಡಾಕ್ಟರರ ಪರಿಚಯದ, ಮುಧೋಳದಲ್ಲಿ ಇಂಥದೇ ಹಾವು ಸಾಕಿದವರೊಬ್ಬರು ಮರುದಿನವೇ ಬಂದು, ಅದನ್ನು ಬಟ್ಟೆಚೀಲದಲ್ಲಿ ಹಾಕಿಕೊಂಡು ಹೋದರು. ಗಾಜಿನ ಪೆಟ್ಟಿಗೆ ಅವರಿಗೆ ಬೇಕಾಗಿರಲಿಲ್ಲ. ಕೆಲವು ದಿನಗಳ ಮೇಲೆ ಒಂದು ಸಂಜೆ ಅವರಿಂದ ಯಜಮಾನರ ಮೊಬೈಲಿಗೆ ವಿಡಿಯೋ ಬಂತು. ಹಾವಿನ ಬಾಯಲ್ಲಿ ಇಲಿಯ ಹಿಂಗಾಲು ಕಾಣುತ್ತಿತ್ತು. ಯಜಮಾನರು "ಛೀ" ಎಂದು ಫೋನನ್ನು ಮಗುಚಿಟ್ಟರು.

"ತಿಂತೇನಬೇ?" ಎಂದು ಅತ್ತೆ ನನ್ನನ್ನು ಕೇಳಿದರು.

"ತಿಂತ್ರಿ ಅತ್ತಿ."

"ಬದಕತೈತಿ ಬಿಡು," ಎಂದು ಕೈ ಮುಗಿದು ಒಳಗೆ ಹೋದರು.

ಮರುದಿನ ಬೆಳಿಗ್ಗೆ ನಾಷ್ಟಾಕ್ಕೆ ಕರೆದರೆ ಅತ್ತೆ ಬರಲಿಲ್ಲ. ಅಂದು ಅಷ್ಟಮಿಯಲ್ಲ, ಚತುರ್ದಶಿಯೂ ಅಲ್ಲ. ಮೈಗೆ ಆರಾಮಿಲ್ಲವೇನೋ ಎಂದು ಹೋಗಿ ಕೇಳಿದೆ.

"ಇವತ್ತ ನನಗ ಉಪಾಸ. ಆ ಇಲಿ ಸಲುವಾಗಿ," ಎಂದರು.

ನಾನು ಅಡುಗೆಮನೆಗೆ ತಿರುಗಿ ಬಂದಾಗ ಯಜಮಾನರು ಥಾಲಿಪಟ್ಟಿಗೆ ಮೊಸರು ಹಚ್ಚಿಕೊಂಡು ತಿನ್ನುತ್ತಿದ್ದರು. "ಇನ್ನೊಂದ್ ಹಾಕು," ಎಂದು ತಾಟನ್ನು ಮುಂದೆ ಸರಿಸಿದರು.

"ಇವತ್ತಿನ ಉಪಾಸ ಅತ್ತೀದಲ್ರಿ, ನಿಮ್ಮದು," ಎಂದು ಆ ತಾಟನ್ನು ಎತ್ತಿಟ್ಟೆ.