ಮೂರನೆಯ ಸಲ ಬಿದ್ದ ಹೂವು

ಪರದೆಯ ಮೇಲೆ ಒಬ್ಬ ಹೆಂಗಸು ದೇವರ ಮುಂದೆ ಮಂಡಿಯೂರಿ ಕೂತಿದ್ದಳು. ಹಾಸಿಗೆ ಹಿಡಿದ ಅತ್ತೆಯನ್ನು ವೃದ್ಧಾಶ್ರಮಕ್ಕೆ ಸೇರಿಸಲೇ ಎಂದು ಕೇಳುತ್ತಿದ್ದಳು. ದೇವರು ಬೇಡವೆಂದ. ಅವಳು ಮತ್ತೆ ಕೇಳಿದಳು. ಸಿನಿಮಾ ಹಾಲಿನಲ್ಲಿದ್ದವರೆಲ್ಲ ಗೊಳ್ಳೆಂದು ನಕ್ಕರು. ದೇವರ ಮುಂದೆ ಕೂತವಳನ್ನು ನೋಡಿ ಜನ ನಗುವುದನ್ನು ನಾನು ಕಂಡದ್ದು ಅದೇ ಮೊದಲು. ಪಕ್ಕದಲ್ಲಿದ್ದ ನನ್ನ ಮಗಳೂ ನಕ್ಕಳು.

ಅದು ತೈವಾನಿನ ಸಂಸಾರದ ಸಿನಿಮಾ. ನಾವಿರುವುದು ಅಟ್ಲಾಂಟಾದ ಹೊರಗೆ, ಡುಲುತ್‌ನಲ್ಲಿ. ಹದಿನೈದು ವರ್ಷದ ಹಿಂದೆ ಮೈಸೂರಿನಿಂದ ಬಂದಿಳಿದಾಗ ಇಲ್ಲಿನ ಅಂಗಡಿ ಬೋರ್ಡುಗಳನ್ನು ನೋಡಿ, ಅಮೆರಿಕ ಎಂದು ಹೇಳಿ ಇವರು ನನ್ನನ್ನು ಬೇರೆಲ್ಲಿಗೋ ಕರೆತಂದಿದ್ದಾರೆ ಎಂದುಕೊಂಡಿದ್ದೆ. ಎಲ್ಲಿ ನೋಡಿದರೂ ಕೊರಿಯಾದ ಅಕ್ಷರ, ಚೀನಾದ ಅಕ್ಷರ. ಒಂದು ರೀತಿಯಲ್ಲಿ ಒಳ್ಳೆಯದೇ ಆಯಿತು. ಹಾಗಲಕಾಯಿ, ಬದನೆಕಾಯಿ, ಪೂಜೆಗೆ ಸೇವಂತಿಗೆ ಎಲ್ಲವೂ ಆ ಅಂಗಡಿಗಳಲ್ಲೇ ಸಿಕ್ಕವು. ಭಗವಂತ ಅಷ್ಟಾದರೂ ನಡೆಸಿಕೊಟ್ಟ.

ಮೈಸೂರಿನಲ್ಲಿ ದೇವರಿಗೊಂದು ಕೋಣೆಯಿತ್ತು. ಇಲ್ಲಿ ಕೋಟು ನೇತುಹಾಕುವ ಕಪಾಟನ್ನು ಖಾಲಿ ಮಾಡಿ ನಮ್ಮ ಮನೆದೇವರು ನರಸಿಂಹನನ್ನು ಕೂರಿಸಿದೆ. ಪಕ್ಕದ ಕಪಾಟಿನಲ್ಲಿ ಚಪ್ಪಲಿ. ಒಂದು ಶುಕ್ರವಾರ ಊದುಬತ್ತಿ ಹಚ್ಚಿದ್ದಕ್ಕೆ ಹೊಗೆಯ ಅಲಾರಂ ಕಿರುಚತೊಡಗಿತು. ನಾನು ಟವೆಲ್ ಬೀಸುತ್ತಾ ಒದ್ದಾಡುತ್ತಿದ್ದಾಗ ಬಾಗಿಲು ಬಡಿದವರು ಪಕ್ಕದ ಮನೆಯ ಲಿನ್ ಅವರು. ತೈವಾನಿನವರು, ಎಪ್ಪತ್ತರ ಹತ್ತಿರದ ವಯಸ್ಸು. ಅಲಾರಂ ಬಿಚ್ಚಿ ಕೆಳಗಿಟ್ಟು, ನಮ್ಮ ದೇವರ ಕಪಾಟು ನೋಡಿದವರೇ ತಮ್ಮ ಮನೆಗೆ ಓಡಿ ಒಂದು ಕಟ್ಟು ಊದುಬತ್ತಿ ತಂದರು. ಅವರ ದೇವರೂ ಕಪಾಟಿನಲ್ಲೇ ಇದ್ದ. ನಾವು ಬಂದ ಮೊದಲ ಐದು ವರ್ಷದಲ್ಲಿ ನೆರೆಯವರೆಂದು ನಮ್ಮ ಬಾಗಿಲು ಬಡಿದವರು ಅವರೊಬ್ಬರೇ. ನನಗೂ ಅವರಿಗೂ ಇದ್ದದ್ದು ಅರ್ಧಂಬರ್ಧ ಇಂಗ್ಲಿಷು. ಅಷ್ಟರಲ್ಲೇ ನಮ್ಮ ಸ್ನೇಹ ಬೆಳೆಯಿತು.

ಈ ಸಿನಿಮಾಕ್ಕೆ ಕರೆದವರೂ ಅವರೇ. ಸಿನಿಮಾದ ಹೆಂಗಸಿನ ಕೈಯಲ್ಲಿ ಅರ್ಧಚಂದ್ರದ ಆಕಾರದ ಎರಡು ಮರದ ತುಂಡುಗಳಿದ್ದವು. ಒಂದು ಮಗ್ಗುಲು ಚಪ್ಪಟೆ, ಇನ್ನೊಂದು ಉಬ್ಬು. ಅವರ ಭಾಷೆಯಲ್ಲಿ ಅದಕ್ಕೆ ‘ಪ್ವೆ’ ಎನ್ನುತ್ತಾರಂತೆ. ಕೇಳಬೇಕಾದ್ದನ್ನು ಕೇಳಿ ನೆಲಕ್ಕೆ ಹಾಕಿದಾಗ ಒಂದು ಚಪ್ಪಟೆಯಾಗಿ, ಇನ್ನೊಂದು ಉಬ್ಬಾಗಿ ಕಂಡರೆ ದೇವರು ಹೂಂ ಎಂದ ಹಾಗೆ. ಎರಡೂ ಉಬ್ಬಾಗಿಯೇ ಕಂಡರೆ ಬೇಡ ಎಂದ ಹಾಗೆ. ಆ ಹೆಂಗಸಿಗೆ ಎರಡು ಸಲವೂ ಬೇಡ ಎಂದೇ ಬಂತು. ಮೂರನೆಯ ಸಲ ಅವಳು ತುಂಡುಗಳನ್ನು ನೆಲಕ್ಕೆ ಹತ್ತಿರ ಹಿಡಿದು ಮೆಲ್ಲನೆ ಜಾರಿಸಿದಳು. ಹೂಂ ಎಂದು ಬಿತ್ತು. ಹಾಲಿನಲ್ಲಿ ಚಪ್ಪಾಳೆ.

ನಾನು ಚಪ್ಪಾಳೆ ತಟ್ಟಲಿಲ್ಲ.

ನಮ್ಮ ಕಡೆ ಇದನ್ನೇ ಹೂವಿನಲ್ಲಿ ಕೇಳುತ್ತೇವೆ. ಹೂವನ್ನು ಒದ್ದೆ ಮಾಡಿ ದೇವರ ಎರಡೂ ಭುಜಕ್ಕೆ ಅಂಟಿಸಿ ಕೈಮುಗಿದು ಕೂರುವುದು. ಬಲಗಡೆಯದು ಬಿದ್ದರೆ ಆಗಲಿ, ಎಡಗಡೆಯದು ಬಿದ್ದರೆ ಬೇಡ. ೨೦೨೧ರಲ್ಲಿ ಅಮ್ಮ ಮೈಸೂರಿನಲ್ಲಿ ಅಕ್ಕನ ಮನೆಯಲ್ಲಿ ಹಾಸಿಗೆ ಹಿಡಿದಾಗ, ಊರಿಗೆ ಹೋಗಲೇ ಎಂದು ನಾನು ಹಾಗೆ ಕೇಳಿದೆ. ಅದು ಕೊರೊನಾ ಕಾಲ, ಊರಿಗೆ ಹೋದವರು ವಾಪಸು ಬರಲು ವೀಸಾದ ಮುದ್ರೆ ಸಿಗದೆ ತಿಂಗಳುಗಟ್ಟಲೆ ಅಲ್ಲೇ ಸಿಕ್ಕಿಬಿದ್ದಿದ್ದರು. ಮಗಳಿಗೆ ಹತ್ತು ವರ್ಷ. ನನ್ನ ಯಜಮಾನರು, “ಹೋಗು ಅಂದ್ರೂ ತಪ್ಪು, ಬೇಡ ಅಂದ್ರೂ ತಪ್ಪು. ನೀನೇ ಡಿಸೈಡ್ ಮಾಡು” ಎಂದು ಲ್ಯಾಪ್‌ಟಾಪ್ ಮುಂದೆ ಕೂತರು. ನಾನು ದೇವರ ಮುಂದೆ ಕೂತೆ.

ಬಲಗಡೆಯ ಹೂವು ಬಿತ್ತು. ಮತ್ತೆ ಅಂಟಿಸಿದೆ. ಮತ್ತೆ ಬಲಗಡೆಯದೇ. ಮೂರನೆಯ ಸಲ ಬಲಗಡೆಯ ಹೂವನ್ನು ಚೆನ್ನಾಗಿ ನೆನೆಸಿ, ಬೆರಳಿನಿಂದ ಒತ್ತಿ ಅಂಟಿಸಿದೆ. ಎಡಗಡೆಯದನ್ನು ಸುಮ್ಮನೆ ತಾಗಿಸಿದೆ. ಎಡಗಡೆಯದು ಬಿತ್ತು. ಅಕ್ಕನಿಗೆ ಫೋನು ಮಾಡಿ, ದೇವರು ಬೇಡವೆಂದ ಎಂದು ಹೇಳಿ ಅತ್ತೆ. ಹತ್ತೊಂಬತ್ತು ದಿನಕ್ಕೆ ಅಮ್ಮ ಹೋದರು. ಬಂದವರಿಗೆಲ್ಲ ಅಕ್ಕ ಒಂದೇ ಮಾತು ಹೇಳಿದಳಂತೆ, “ದೇವ್ರೇ ಬೇಡ ಅಂದ್ಮೇಲೆ ಅವಳು ಏನ್ ಮಾಡ್ತಾಳೆ.” ಆ ಮಾತಿನ ನೆರಳಿನಲ್ಲಿ ನಾನು ಇಷ್ಟು ದಿನ ಬದುಕಿದ್ದೆ.

ಸಿನಿಮಾ ಮುಗಿದ ಮೇಲೆ ಮಾತುಕತೆ ಇತ್ತು. ಬಿಳಿ ಕೂದಲಿನ ಅಮೆರಿಕನ್ ಒಬ್ಬರು ಎದ್ದು, ಇಷ್ಟು ಹೊಂದಿಕೊಂಡು ಹೋಗುವ ದೇವರು ತಮಗೂ ಒಬ್ಬ ಬೇಕಿತ್ತು ಎಂದರು. ಮತ್ತೆ ನಗು. ಲಿನ್ ಅವರಿಗೆ ಬೇಸರವಾಗಿರಬಹುದೆಂದು ತಿರುಗಿ ನೋಡಿದರೆ ಅವರು ಎಲ್ಲರಿಗಿಂತ ಜೋರಾಗಿ ನಗುತ್ತಿದ್ದರು.

“ನೀವೂ ನಗ್ತಿದ್ದೀರಲ್ಲ?” ಎಂದು ನಮ್ಮ ಇಂಗ್ಲಿಷಿನಲ್ಲಿ ಕೇಳಿದೆ.

“ಎಲ್ಲರೂ ಮಾಡುವುದೇ ಅದು. ನಾನೂ ಮಾಡಿದ್ದೇನೆ, ಈ ದೇಶಕ್ಕೆ ಬರುವ ಮುಂಚೆ. ದೇವರಿಗೆ ಗೊತ್ತಿರುತ್ತೆ” ಎಂದು ಅವರು ನನ್ನ ಕೈ ತಟ್ಟಿದರು.

ನನಗೆ ಅದು ಸಮಾಧಾನವಾಗಲಿಲ್ಲ. ದೇವರಿಗೆ ಗೊತ್ತೆಂಬುದೇ ತಾನೇ ನನ್ನ ಕಷ್ಟ.

ಲಿನ್ ಅವರು ಗೆಳತಿಯರ ಜೊತೆ ಅಲ್ಲೇ ಉಳಿದರು. ನಾನು ಕಾರು ಓಡಿಸಿಕೊಂಡು ಹೊರಟೆ. ಸಿಗ್ನಲ್ಲಿನಲ್ಲಿ ನಿಂತಾಗ ಮಗಳು ಫೋನಿನಿಂದ ತಲೆಯೆತ್ತಿದಳು.

“ಅಮ್ಮಾ, ನೀನೂ ಹಾಗೆ ಮಾಡಿದೆ ಅಲ್ವಾ? ಅಜ್ಜಿ ಸಿಕ್ ಇದ್ದಾಗ.”

“ಯಾರು ಹೇಳಿದ್ರು ನಿಂಗೆ?”

“ನಾನು ಸ್ಟೇರ್ಸ್ ಮೇಲೆ ಕೂತಿದ್ದೆ. ಫ್ಲವರ್ ರೈಟ್ ಸೈಡ್ ಬಿತ್ತು. ಟ್ವೈಸ್. ನೀನು ಮತ್ತೆ ಇಟ್ಟೆ.” ಫೋನು ಕೆಳಗಿಟ್ಟು ಹೇಳಿದಳು, “ಐ ಥಾಟ್ ಇಟ್ ವಾಸ್ ಬೆಸ್ಟ್ ಆಫ್ ತ್ರೀ. ಆದ್ರೆ ಆಗ್ಲೂ ರೈಟೇ ವಿನ್ ಆಗ್ಬೇಕಿತ್ತು.”

ಹಿಂದಿನ ಕಾರಿನವನು ಹಾರನ್ ಹೊಡೆದ. ದೀಪ ಹಸಿರಾಗಿತ್ತು.

“ನಿನ್ ಸಲುವಾಗಿ ಕಣೇ” ಎಂದೆ.

“ಡೋಂಟ್ ಪುಟ್ ಇಟ್ ಆನ್ ಮಿ, ಅಮ್ಮಾ” ಎಂದಳು. ಜಗಳದ ದನಿಯಲ್ಲ. ಹೋಮ್‌ವರ್ಕಿನಲ್ಲಿ ತಪ್ಪು ತೋರಿಸುವ ಹಾಗೆ.

ಮಾರನೆಯ ದಿನ ಬೆಳಿಗ್ಗೆ ಸ್ನಾನ, ಪೂಜೆ ಮುಗಿಸಿ ಅಕ್ಕನಿಗೆ ಫೋನು ಮಾಡಿದೆ. ಅವಳಿಗಲ್ಲಿ ಸಂಜೆ, ಹುರುಳಿಕಾಯಿ ಸೋಸುತ್ತಿದ್ದಳು. ಸಿನಿಮಾದಿಂದ ಶುರುಮಾಡಿ ಮೂರೂ ಹೂವಿನ ವಿಷಯ ಹೇಳಿಬಿಟ್ಟೆ. ಬೈಯುತ್ತಾಳೆ, ಅಳುತ್ತಾಳೆ ಎಂದು ಕಾದೆ.

“ಗೊತ್ತಿತ್ತು ಬಿಡೇ” ಎಂದಳು. “ಅಮ್ಮನ್ನ ನೋಡ್ಕೊಂಡ್ ಬರ್ತೀನಿ ಅಂದ್ರೆ ಯಾವ್ ದೇವ್ರು ಬೇಡ ಅಂತಾನೆ?”

“ಮತ್ತೆ ಎಲ್ರಿಗೂ ಹಾಗೆ ಹೇಳ್ದೆಯಲ್ಲಕ್ಕ?”

“ಏನು ಹೇಳ್ಲಿ? ನಾಳೆ ದಿನ ನೀನು ಈ ಮನೆ ಬಾಗ್ಲಿಗೆ ಬರ್ಬೇಕಲ್ಲ, ಮುಖ ಇಟ್ಕೊಂಡು.” ಕಾಯಿ ಮುರಿಯುವ ಸದ್ದು ಕೇಳಿತು. “ಅಮ್ಮನೂ ನಂಬಿರ್ಲಿಲ್ಲ. ಹೂಂ ಅಂದು ಆ ಕಡೆ ತಿರ್ಗಿ ಮಲ್ಕೊಂಡ್ರು. ನೀನೇ ಹೇಳ್ಲಿ ಅಂತ ಇಷ್ಟ್ ದಿನ ಸುಮ್ನಿದ್ದೆ.”

ಆಮೇಲೆ ಅವಳು, ಬರುವ ರಜೆಗೆ ಬರುತ್ತೀಯಾ ಎಂದು ಕೇಳಿದಳು. “ಬರ್ತೀನಿ ಇಲ್ಲ ಬರಲ್ಲ, ಎರಡ್ರಲ್ಲಿ ಒಂದು ಹೇಳು. ಹೂ ಕೇಳಕ್ಕೆ ಹೋಗ್ಬೇಡ.” ಈಗ ಕಾಗದಪತ್ರಗಳೆಲ್ಲ ಸರಿಯಾಗಿವೆ, ತಡೆಯುವವರು ಯಾರೂ ಇಲ್ಲ. ಆದರೂ ನನ್ನ ಬಾಯಿಂದ ಬರ್ತೀನಿ ಎಂಬ ಮಾತು ಹೊರಡಲಿಲ್ಲ. ಫೋನಿಟ್ಟೆವು.

ಇಷ್ಟು ವರ್ಷ ಇಲ್ಲಿ ಬೇಸರವಾದಾಗ, ಹೇಗೂ ಅಲ್ಲೊಂದು ಮನೆಯಿದೆ ಎಂದುಕೊಳ್ಳುತ್ತಿದ್ದೆ. ಅಲ್ಲಿನ ನೆನಪು ಚುಚ್ಚಿದಾಗ, ಹೇಗೂ ಇಲ್ಲೊಂದು ಸಂಸಾರವಿದೆ ಎಂದುಕೊಳ್ಳುತ್ತಿದ್ದೆ. ಈಗ ಅಲ್ಲಿ ಅಕ್ಕನಿಗೆ ಗೊತ್ತು, ಇಲ್ಲಿ ಮಗಳಿಗೆ ಗೊತ್ತು. ಇಬ್ಬರೂ ನನ್ನನ್ನು ಹೊರಗೆ ಹಾಕಲಿಲ್ಲ, ಅದೂ ಭಗವಂತನ ದಯೆಯೇ ಇರಬೇಕು. ಆದರೆ ಎರಡೂ ಮನೆಯಲ್ಲಿ ನಾನು ಕೂರುವ ಜಾಗ ಸ್ವಲ್ಪ ಸ್ವಲ್ಪ ಕಿರಿದಾಗಿದೆ.

ಈಗಲೂ ದಿನಾ ಹೂವು ಏರಿಸುತ್ತೇನೆ. ಭುಜಕ್ಕೆ ಅಂಟಿಸುವುದಿಲ್ಲ. ಪಾದದ ಬಳಿ, ಬೀಳದ ಹಾಗೆ ಇಡುತ್ತೇನೆ.