ಸದ್ದು ಬಂದ ಕಡೆ

ವಸಂತನರಸಾಪುರದ ಒಂದು ಸಣ್ಣ ಕಾರ್ಖಾನೆಯಲ್ಲಿ ನನ್ನದು ಅಳತೆ ನೋಡುವ ಕೆಲಸ. ಯುದ್ಧವಿಮಾನದ ಎಂಜಿನ್‌ಗೆ ಹೋಗುವ, ಕಿರುಬೆರಳಿನಷ್ಟು ಉದ್ದದ ಪಿನ್ನು. ಕೂದಲೆಳೆಯ ಹತ್ತರಲ್ಲೊಂದು ಪಾಲು ದಪ್ಪವಾದರೂ ಅದು ರಿಜೆಕ್ಟ್. ಬೆಂಕಿಯ ಪಕ್ಕದಲ್ಲೇ ಇದ್ದು, ಬಿಸಿಗೆ ಹಿಗ್ಗಿ, ಆಮೇಲೂ ತನ್ನ ತೂತಿನಲ್ಲಿ ಸರಿಯಾಗಿ ಕೂತಿರಬೇಕು. ಎಷ್ಟು ಹಿಗ್ಗುತ್ತದೆಂದು ಮೊದಲೇ ತಿಳಿದು ಡ್ರಾಯಿಂಗ್ ಬರೆದವರು ಯಾರೋ, ಅವರ ಬುದ್ಧಿಗೆ ದಿನಾ ಮನಸ್ಸಿನಲ್ಲೇ ಕೈ ಮುಗಿಯುತ್ತೇನೆ.

ಹೆಬ್ಬೂರಿನ ನಮ್ಮ ಮನೆಯಲ್ಲಿ ಇದನ್ನೆಲ್ಲ ಹೇಳಿದರೆ ಅಪ್ಪ ನಗುತ್ತಿದ್ದ. ಕಡ್ಡಿ ಅಳೆಯೋದಕ್ಕೆ ಎರಡು ಬಸ್ಸು ಹತ್ತಿ ಹೋಗಬೇಕಾ ಎಂದು ಕೇಳುತ್ತಿದ್ದ. ಮಗಳಿಗೆ ಡಿಪ್ಲೊಮಾ ಓದಿಸಿದ್ದೇ ದಂಡವಾಯಿತು ಅನ್ನುವ ಆ ಧ್ವನಿಗೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ಒಂದೇ ಒಂದು ಸಲ ಆ ವಿಮಾನದ ರಭಸ ಕಣ್ಣಾರೆ ನೋಡಲಿ, ಆಮೇಲೆ ಬೇಕಾದರೆ ನಗಲಿ ಎಂಬ ಹಟ ಹುಟ್ಟಿತು.

ಹೋದ ವರ್ಷ ಒಂದು ಭಾನುವಾರ ಬೆಳಿಗ್ಗೆ ನಾವಿಬ್ಬರೂ ರಾಗಿ ಹೊಲದಲ್ಲಿದ್ದಾಗ, ತಗಡಿನ ಶೀಟನ್ನು ದರದರ ಎಳೆದಂತೆ ಆಕಾಶದಲ್ಲಿ ಸದ್ದಾಯಿತು. ಅಪ್ಪ ಸದ್ದು ಬಂದ ಕಡೆ ತಲೆ ಎತ್ತಿದ. ಅಲ್ಲೇನಿರುತ್ತದೆ? ಸದ್ದು ನಮ್ಮ ಕಿವಿ ಮುಟ್ಟುವಷ್ಟರಲ್ಲಿ ವಿಮಾನ ಎಷ್ಟೋ ಮುಂದೆ ಹೋಗಿರುತ್ತದೆ. ಅದರ ಹೆಚ್ಚುಗಾರಿಕೆಯೇ ಅದು. ಸದ್ದಿಗಿಂತ ಮುಂದೆ ನೋಡಬೇಕು ಎಂದು ಹೇಳಿಕೊಟ್ಟೆ. ಸ್ವಲ್ಪ ಹೊತ್ತಿಗೆ ಇನ್ನೊಂದು ಬಂತು. ಅಪ್ಪ ಮತ್ತೆ ಸದ್ದಿನ ಕಡೆಗೇ ತಿರುಗಿದ. ಹುಟ್ಟಿದಾಗಿನಿಂದ ಕಿವಿ ಹೇಳಿದ ಕಡೆ ಕಣ್ಣು ಹೊರಳಿಸಿದ ಮನುಷ್ಯ ಒಂದೇ ಬೆಳಿಗ್ಗೆ ಬದಲಾಗುತ್ತಾನೆಯೇ? ಮೂರನೆಯದು ಬಂದಾಗ ಅವನ ಗದ್ದ ಹಿಡಿದು ನಾನೇ ತಿರುಗಿಸಿದೆ. ಕುತ್ತಿಗೆ ಉಳುಕಿತು ಎಂದು ಬೈದ. ನಾನೂ ಬೈದೆ. ಸಿಟ್ಟಿಗೆ ಅಳುವೇ ಬಂದಿತ್ತು.

ಗಲಾಟೆ ಕೇಳಿ ಪಕ್ಕದ ಹೊಲದಾತ ಬೇಲಿ ಹತ್ತಿರ ಬಂದು ಏನಾಯಿತೆಂದು ವಿಚಾರಿಸಿದ. ಅಪ್ಪ ಕುತ್ತಿಗೆ ನೀವಿಕೊಳ್ಳುತ್ತಲೇ ಹೇಳಿದ:

“ವಿಮಾನ ನೋಡ್ತಿದ್ವಿ ಕಣಯ್ಯ. ನನ್ ಮಗಳು ಮಾಡಿರೋದು ಅದು.”

ಯಾವ ಬಣ್ಣದ್ದು ಎಂದು ಆತ ಕೇಳಿದ. ಅಪ್ಪ ನನ್ನ ಕಡೆ ತಿರುಗಿದ.

“ಯಾವ್ ಬಣ್ಣ ಇತ್ತವ್ವ, ಹೇಳು.”

ನನಗೂ ಗೊತ್ತಿರಲಿಲ್ಲ. ಮೂರು ಸಲವೂ ನಾನು ನೋಡುತ್ತಿದ್ದದ್ದು ಅವನ ಮುಖವನ್ನು.